ಅಸಲು ಊರಲ್ಲೇ ಉಳಿಯುವ ನೆರವು

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳು ಕಲಿಸಿದ್ದು

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದ ಹೊಳೆಸಾಲಿನ ಹಳ್ಳಿಗಳು ಮುಳುಗಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನೀರು ಇಳಿಯುತ್ತಿದ್ದ ಹೊತ್ತಿಗೆ, ಅಕ್ಟೋಬರ್ 12ರಂದು, ಅಮೆರಿಕದ ಎಲಿನಾರ್ ಆಸ್ಟ್ರಮ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ಕೆರೆ, ಕಾಲುವೆ, ಗೋಮಾಳಗಳನ್ನು ಬಳಸುವ ಜನ ತಾವೇ ನಿಯಮ ಮಾಡಿಕೊಂಡು ಹೇಗೆ ಕಾಯುತ್ತಾರೆ ಎಂಬುದನ್ನು ಅವರು ಜೀವನವಿಡೀ ಅಧ್ಯಯನ ಮಾಡಿದ್ದರು. ಆ ವರ್ಷದ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳನ್ನು ಬಿಡಿಸಿ ಯಾದಗಿರಿ ಜಿಲ್ಲೆ ಮಾಡಲಾಯಿತು. ಆಪತ್ತು, ಊರವರ ಒಗ್ಗಟ್ಟು, ಸರ್ಕಾರ: ನೆರವು ಊರಲ್ಲೇ ಉಳಿಯುವುದು ಹೇಗೆ ಎಂಬ ಇಂದಿನ ಉಪನ್ಯಾಸದ ವಿಷಯಕ್ಕೆ ಬೇಕಾದ ಮೂರೂ ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಎದುರಿಗೆ ಬಂದು ನಿಂತಿದ್ದವು. ಆದರೆ ಒಂದರ ಗುರುತು ಇನ್ನೊಂದಕ್ಕೆ ಇರಲಿಲ್ಲ.

ಹಿಂದುಳಿದ ಊರುಗಳ ಪಟ್ಟಿ ಯಾರೇ ಮಾಡಲಿ, ಈ ಮೂರು ಹೆಸರು ಅದರಲ್ಲಿ ಇರುತ್ತವೆ. 2002ರ ನಂಜುಂಡಪ್ಪ ಸಮಿತಿಯ ವರದಿ ಮೂರನ್ನೂ ಅತಿ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆ ಶೇ 51.83, ಅಂದರೆ ರಾಜ್ಯದಲ್ಲೇ ಕಡಿಮೆ. ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಬಂದಿತು, ಈ ಜಿಲ್ಲೆ ಸೇರಿರುವ ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಅದಕ್ಕೂ ಹಿಂದಿನ ವರ್ಷ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಆ ಪಟ್ಟಿಗೆ ಹೋದದ್ದು ಎರಡೇ: ರಾಯಚೂರು ಮತ್ತು ಯಾದಗಿರಿ. ಈಗ ಹುಣಸಗಿ, ವಡಗೇರಾ, ಗುರುಮಠಕಲ್ ಸೇರಿ ತಾಲ್ಲೂಕುಗಳು ಆರಾಗಿವೆ. ತಾಲ್ಲೂಕು ಹೆಚ್ಚಾದ ಮಾತ್ರಕ್ಕೆ ಹಳ್ಳಿಯ ಕಷ್ಟಕ್ಕೆ ಕಚೇರಿ ಹತ್ತಿರವಾಯಿತೇ ವಿನಾ ಕಷ್ಟ ಕರಗಲಿಲ್ಲ.

ಈ ಸೀಮೆಗೆ ನೆರವು ಬರದೆ ಹೋದದ್ದಲ್ಲ. ಮಠ, ಮಿಷನ್, ಸರ್ಕಾರ, ಕಂಪನಿಗಳ ಟ್ರಸ್ಟು, ವಿಶ್ವಸಂಸ್ಥೆಯ ಅಂಗಸಂಸ್ಥೆ, ಎಲ್ಲರೂ ಬಂದಿದ್ದಾರೆ. ಬಂದವರು ಹೋದ ಮೇಲೆ ಊರಲ್ಲಿ ಉಳಿದದ್ದೇನು ಎಂಬುದೇ ಪ್ರಶ್ನೆ. ದತ್ತಿನಿಧಿ ಇಟ್ಟವರಿಗೆ ಇದರ ಉತ್ತರ ಚೆನ್ನಾಗಿ ಗೊತ್ತು. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ ನಡೆಯಬೇಕು, ಲೆಕ್ಕ ತೋರಿಸಬೇಕು. ಹಳ್ಳಿಗೆ ಬರುವ ಹೆಚ್ಚಿನ ನೆರವು ಮಾತ್ರ ಬಂದ ವರ್ಷವೇ ಅಸಲು ಸಮೇತ ಖರ್ಚಾಗುತ್ತದೆ. ಹಳ್ಳಿಯ ಪಾಲಿಗೆ ಅಸಲು ಎಂದರೆ ಹಣವೊಂದೇ ಆಗಬೇಕಿಲ್ಲ. ನಿಯಮ ಮಾಡುವ ಸಭೆ, ಲೆಕ್ಕ ಬರೆಯುವ ಕೈ, ತಪ್ಪಿದವರನ್ನು ಕೇಳುವ ಬಾಯಿ ಕೂಡ ಅಸಲೇ. ಅದು ಎಲ್ಲಿ ಉಳಿಯಿತೋ ಅಲ್ಲಿ ಕೆಲಸ ನಿಂತಿದೆ, ಎಲ್ಲಿ ಉಳಿಯಲಿಲ್ಲವೋ ಅಲ್ಲಿ ಫಲಕ ಮಾತ್ರ ನಿಂತಿದೆ.

ದಾಸೋಹ, ಮುಯ್ಯಿ, ಕೆರೆ

ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ನೇಯ್ದ ಬಟ್ಟೆಯನ್ನು ದಾಸಿಮಯ್ಯ ಮುದುಕನ ವೇಷದಲ್ಲಿ ಬಂದ ಶಿವನಿಗೆ ಕೊಟ್ಟು, ಎಷ್ಟು ತೆಗೆದರೂ ಮುಗಿಯದ ತವನಿಧಿಯನ್ನು ಪಡೆದ ಕಥೆಯನ್ನು ಇಲ್ಲಿನ ಜನ ಇಂದಿಗೂ ಹೇಳುತ್ತಾರೆ. ಪಕ್ಕದ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರು ಕಲಬುರಗಿಯಲ್ಲಿ ದಾಸೋಹ ನಡೆಸಿದರು. ಹಸಿದು ಬಂದವರ ಜಾತಿ ಕೇಳದೆ ಉಣಬಡಿಸಿದರೆಂಬ ಕೀರ್ತಿ ಅವರದು. ಕೃಷ್ಣೆಯ ದಂಡೆಯ ತಿಂಥಣಿ ಮೋನಪ್ಪಯ್ಯನ ಜಾತ್ರೆಯಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಸೇರುತ್ತಾರೆ. ಊರವರ ಹೊಟ್ಟೆ ನೋಡಿಕೊಳ್ಳುವುದು ಊರಿನದೇ ಕೆಲಸ ಎಂಬ ಭಾವ ಈ ನೆಲಕ್ಕೆ ಹೊರಗಿನವರು ತಂದುಕೊಟ್ಟದ್ದಲ್ಲ.

ಹೊಲದಲ್ಲಿ ಅದರ ಇನ್ನೊಂದು ರೂಪ ಮುಯ್ಯಿ. ಬಿತ್ತನೆ, ಕಳೆ, ರಾಶಿ ಬಂದಾಗ ಇವತ್ತು ನಮ್ಮ ಹೊಲಕ್ಕೆ ನೀವು ಬಂದರೆ ನಾಳೆ ನಿಮ್ಮ ಹೊಲಕ್ಕೆ ನಾವು. ಕೂಲಿ ಕೊಡಲು ಕಾಸಿಲ್ಲದ ಕಡೆ ಇದೇ ಬಂಡವಾಳ. ಆಳಿಗೆ ಆಳು ಎಂಬ ಈ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಸರ್ಕಾರಿ ಕೈ ಈ ಭಾಗದಲ್ಲಿ ಮೊದಲು ಗಟ್ಟಿಯಾಗಿ ಕಾಣಿಸಿಕೊಂಡದ್ದು ಫಿಲಿಪ್ ಮೆಡೋಸ್ ಟೇಲರ್ ಕಾಲದಲ್ಲಿ. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದ ಈ ಇಂಗ್ಲಿಷ್ ಅಧಿಕಾರಿ, ಬಾಲಕ ರಾಜ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬಂದು 1853ರಲ್ಲಿ ಆಡಳಿತ ವಹಿಸಿಕೊಳ್ಳುವ ತನಕ ಸಂಸ್ಥಾನವನ್ನು ನೋಡಿಕೊಂಡ. ರಸ್ತೆ ಮಾಡಿಸಿದ, ಕಂದಾಯ ಸರಿಪಡಿಸಿದ. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆಯ ಜೊತೆ ಅವನ ಹೆಸರು ಸೇರಿಕೊಂಡಿದೆ. ಜನ ಅವನನ್ನು ಮಹದೇವ ಬಾಬಾ ಎಂದು ಕರೆದರು. ಅವನು ಒಳ್ಳೆಯ ಆಡಳಿತಗಾರ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅವನು ಹೋದ ಐದೇ ವರ್ಷದಲ್ಲಿ, 1858ರಲ್ಲಿ, ವೆಂಕಟಪ್ಪ ನಾಯಕನ ಬಂಡಾಯ ಸೋತು ಸಂಸ್ಥಾನವೇ ಮುಗಿಯಿತು. ಕೆರೆ ಉಳಿಯಿತು. ಆ ಆಡಳಿತದ ಗುಣ ಒಬ್ಬ ಮನುಷ್ಯನ ಜೊತೆಗೇ ಬಂದಿತ್ತು, ಅವನ ಜೊತೆಗೇ ಹೋಯಿತು.

ಹಳೆಯದನ್ನು ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಮುಯ್ಯಿ ನಡೆಯುವುದು ಹೊಲ ಇದ್ದವರ ನಡುವೆ. ಹೊಲವಿಲ್ಲದ ಕೇರಿಯವರಿಗೆ ತಿರುಗಿಸಿ ಕೊಡಲು ಆಳುತನ ಇದ್ದರೂ ಕರೆಯಲು ಹೊಲವಿಲ್ಲ. ದಾಸೋಹದ ಪಂಕ್ತಿಯಲ್ಲಿ ಜಾತಿ ಕೇಳದ ಊರು ಬಾವಿಯ ಕಟ್ಟೆಯ ಮೇಲೆ ಕೇಳುತ್ತಿತ್ತು. ಊರವರೇ ಮುಂದೆ ನಿಂತು ನಡೆಸುವ ಅಭಿವೃದ್ಧಿ ಎಂದಾಗ ಆ ಊರವರಲ್ಲಿ ಯಾರು ಯಾರು ಬಂದರು ಎಂದು ಕೇಳಬೇಕಾಗಿರುವುದು ಇದೇ ಕಾರಣಕ್ಕೆ.

ಹೊಳೆ ಬಂದಾಗ

2014ರ ಜುಲೈ ಕೊನೆಯ ವಾರ. ಕಕ್ಕೇರಾ ಬಳಿ ಕೃಷ್ಣೆಯ ನಡುವೆ ಇರುವ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಿಂದ ಒಂಬತ್ತು ತಿಂಗಳ ಗರ್ಭಿಣಿಯೊಬ್ಬಳು ತುಂಬಿದ ಹೊಳೆಗೆ ಇಳಿದಳು. ಮೈಗೆ ಒಣಗಿದ ಸೋರೆಬುರುಡೆ, ಕುಂಬಳಬುರುಡೆ ಕಟ್ಟಿದ್ದರು. ಮುಂದೆ ಹಗ್ಗ ಹಿಡಿದು ಒಬ್ಬರು, ಅಕ್ಕಪಕ್ಕ ತಂದೆ, ತಮ್ಮ, ಬಂಧುಗಳು. ಸೆಳವಿಗೆ ಅಡ್ಡಡ್ಡ ಈಜುತ್ತ ಅರ್ಧ ಕಿಲೋಮೀಟರಿಗೂ ಹೆಚ್ಚು ನೀರು ದಾಟಿ ದಂಡೆ ಮುಟ್ಟಿದಳು. ಗಡ್ಡಿಯಲ್ಲಿ ಹೆರಿಗೆಗೆ ಅನುಕೂಲವಿರಲಿಲ್ಲ, ದೋಣಿಯವರು ಆ ನೀರಿನಲ್ಲಿ ದೋಣಿ ಬಿಡಲು ಒಪ್ಪುವ ಸ್ಥಿತಿ ಇರಲಿಲ್ಲ. ಸುದ್ದಿ ಲಂಡನ್ನಿನವರೆಗೆ ಹೋಯಿತು. ಪತ್ರಿಕೆಗಳು ಅವಳ ಧೈರ್ಯವನ್ನು ಕೊಂಡಾಡಿದವು.

ಕೊಂಡಾಡಬೇಕಾದ್ದೇ. ಆದರೆ ಆ ದಿನ ಹೊಳೆಗೆ ಇಳಿದದ್ದು ಒಂದು ಧೈರ್ಯ ಮಾತ್ರ ಅಲ್ಲ, ಒಂದು ವಿದ್ಯೆ ಕೂಡ. ಎಷ್ಟು ಬುರುಡೆ ಕಟ್ಟಿದರೆ ಬಸುರಿಯ ಭಾರ ತಡೆಯುತ್ತದೆ, ಯಾವ ಜಾಗದಲ್ಲಿ ಇಳಿದರೆ ಎಲ್ಲಿ ಹೋಗಿ ಹತ್ತಬಹುದು, ಸುಳಿ ಎಲ್ಲಿದೆ ಎಂಬುದು ಹೊಳೆಸಾಲಿನ ಮನೆಗಳಲ್ಲಿ ತಲೆಮಾರುಗಳಿಂದ ಬಂದ ತಿಳಿವಳಿಕೆ. ಪ್ರವಾಹ ನಿರ್ವಹಣೆಯ ಯೋಜನೆ ಬರೆಯುವ ಕಚೇರಿಗೆ ಆ ತಿಳಿವಳಿಕೆ ಬೇಕು. ಜೊತೆಗೆ, ಆ ವಿದ್ಯೆಯನ್ನು ಬಸುರಿ ಹೆಣ್ಣುಮಗಳ ಮೇಲೆ ಬಳಸುವ ಪ್ರಸಂಗವೇ ಬಾರದ ಹಾಗೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಊರವರಿಗೆ ಶಕ್ತಿ ಇದೆ ಎಂಬ ಹೊಗಳಿಕೆ ಸರ್ಕಾರ ಕೈತೊಳೆದುಕೊಳ್ಳಲು ನೆಪವಾಗಬಾರದು.

ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗೆಲ್ಲ ಈ ಭಾಗದವರ ಕಣ್ಣು ಶಹಾಪುರ–ದೇವದುರ್ಗ ದಾರಿಯ ಕೊಳ್ಳೂರು ಸೇತುವೆಯ ಮೇಲೆ. 2019ರ ಆಗಸ್ಟ್‌ನಲ್ಲಿ ಹೊರಹರಿವು ಸುಮಾರು 6 ಲಕ್ಷ ಕ್ಯೂಸೆಕ್ ಮುಟ್ಟಿದಾಗ ಸೇತುವೆ ಮುಳುಗಿತು. 2020ರ ಅಕ್ಟೋಬರ್‌ನಲ್ಲಿ ಭೀಮೆಯ ಸರದಿ, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಭೀಮೆಯೇ. ಪ್ರತಿ ಸಲ ಗಂಜಿ ಕೇಂದ್ರ ತೆರೆಯುತ್ತದೆ, ಶಾಲೆಯ ಕೋಣೆಯಲ್ಲಿ ಜನ ಮಲಗುತ್ತಾರೆ, ನೀರು ಇಳಿದ ಮೇಲೆ ಬೆಳೆ ನಷ್ಟದ ಸರ್ವೆ ಶುರುವಾಗುತ್ತದೆ. ದೂರದೂರುಗಳಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಚಟ್ನಿಪುಡಿಯ ಗಂಟುಗಳು ಬರುತ್ತವೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆ ಬೇಕಿಲ್ಲ, ನೀರಲ್ಲಿ ಅದ್ದಿದರೆ ಮುದುಕರೂ ತಿನ್ನಬಹುದು. ಹೊಳೆ ಬಂದ ಊರಿನಲ್ಲಿ ಏನು ಬೇಕು ಎಂದು ಗೊತ್ತಿದ್ದವರು ಕಟ್ಟಿದ ಗಂಟು ಅದು. ಗೊತ್ತಿಲ್ಲದವರು ಕಳಿಸಿದ ಹಳೆ ಬಟ್ಟೆಯ ರಾಶಿ ಶಾಲೆಯ ಅಂಗಳದಲ್ಲಿ ಹಾಗೇ ಬಿದ್ದಿರುತ್ತದೆ.

2009ರ ನಂತರ ಸರ್ಕಾರ ‘ಆಸರೆ’ ಯೋಜನೆ ಮಾಡಿ, ದಾನಿಗಳನ್ನು ಕರೆದು, ಎತ್ತರದ ಜಾಗದಲ್ಲಿ ಹೊಸ ಊರುಗಳನ್ನು ಕಟ್ಟಿಸಿತು. ಉದ್ದೇಶ ದೊಡ್ಡದು, ಹಣವೂ ಹರಿದುಬಂತು. ಆದರೆ ಉತ್ತರ ಕರ್ನಾಟಕದ ಹಲವೆಡೆ ಆ ಮನೆಗಳು ಬೀಗ ಹಾಕಿಕೊಂಡು ನಿಂತವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಜೋಳದ ಚೀಲ ಇಡಲು ಅಟ್ಟವಿಲ್ಲ, ನೀರು ದೀಪ ಬರುವುದು ತಡ. ಮನೆ ಕಟ್ಟುವ ಮೊದಲು ಆ ಮನೆಯಲ್ಲಿ ಇರುವ ಹೆಂಗಸರನ್ನು ಕೂರಿಸಿಕೊಂಡು ಒಂದು ಸಂಜೆ ಮಾತಾಡಿದ್ದರೆ ಈ ನಾಲ್ಕೂ ತಕರಾರು ನಕ್ಷೆಯ ಮೇಲೇ ಬಗೆಹರಿಯುತ್ತಿದ್ದವು. ರೆಡ್‌ಕ್ರಾಸ್ ಮತ್ತು ಇತರ ಸಂಸ್ಥೆಗಳು 1994ರಲ್ಲೇ ಒಪ್ಪಿಕೊಂಡ ನೀತಿಸಂಹಿತೆಯಲ್ಲಿ, ನೆರವು ಪಡೆಯುವವರನ್ನು ಅದರ ನಿರ್ವಹಣೆಯಲ್ಲಿ ಸೇರಿಸಿಕೊಳ್ಳಬೇಕು ಎಂದು ಬರೆದಿದೆ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ದಾನಿ ದೇಶಗಳು 2020ರೊಳಗೆ ನೆರವಿನ ಕಾಲುಭಾಗವನ್ನು ಆದಷ್ಟು ನೇರವಾಗಿ ಸ್ಥಳೀಯರಿಗೇ ಕೊಡುತ್ತೇವೆಂದು ಮಾತು ಕೊಟ್ಟವು. ಆ ಗಡುವು ಮುಗಿದರೂ ಗುರಿ ಮುಟ್ಟಲಿಲ್ಲ.

ಕಾಲುವೆಯ ತಲೆ, ಕಾಲುವೆಯ ಬಾಲ

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆ ಸುರಪುರ, ಶಹಾಪುರದ ಹೊಲಗಳ ಹಣೆಬರಹ ಬದಲಿಸಿತು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಮುಟ್ಟಿದ ಕಡೆ ತೊಗರಿ, ಜೋಳದ ಎರೆಹೊಲ ಗದ್ದೆಯಾಯಿತು. ಆಂಧ್ರದಿಂದ ಬಂದ ರೈತರು ಕ್ಯಾಂಪ್ ಹಾಕಿ ಭತ್ತ ಬೆಳೆದರು. ಕಾಲುವೆಯನ್ನು ರೂಪಿಸಿದ್ದು ಕಡಿಮೆ ನೀರು ಬೇಡುವ ಬೆಳೆಗಳಿಗೆ. ತಲೆಭಾಗದಲ್ಲಿ ಭತ್ತ ನಿಂತ ಮೇಲೆ ಬಾಲಭಾಗದ ರೈತ ಕಾಲುವೆಯಲ್ಲಿ ಕಸ ನೋಡುತ್ತ ಕೂತ. ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಚಾಲು-ಬಂದ್ ಪದ್ಧತಿಯಲ್ಲಿ ಚಾಲು ಇದ್ದ ದಿನವೂ ಅವನಿಗೆ ಬಂದ್.

ಇದಕ್ಕೆ ಎರಡು ಮದ್ದು ಹುಡುಕಲಾಯಿತು. ಒಂದು, ನೀರು ಬಳಕೆದಾರರ ಸಹಕಾರ ಸಂಘಗಳು. ವಿತರಣಾ ಕಾಲುವೆಯ ಕೆಳಗಿನ ರೈತರೇ ಸದಸ್ಯರಾಗಿ, ನೀರನ್ನು ಸಗಟಾಗಿ ಪಡೆದು, ಸರದಿ ಹಚ್ಚಿ ಹಂಚಿಕೊಂಡು, ಕರ ವಸೂಲಿ ಮಾಡುವ ವ್ಯವಸ್ಥೆ. ಶಹಾಪುರ ಬಳಿಯ ಭೀಮರಾಯನಗುಡಿಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ ಇವುಗಳ ಬೆನ್ನಿಗಿದೆ. ಇನ್ನೊಂದು ಮದ್ದು ಯಂತ್ರದ್ದು. ಸುಮಾರು 4,700 ಕೋಟಿ ರೂಪಾಯಿ ಖರ್ಚಿನಲ್ಲಿ ಎಡದಂಡೆ ಕಾಲುವೆಯ ಲೈನಿಂಗ್ ಸರಿಪಡಿಸಿ, ಗೇಟುಗಳಿಗೆ ಸ್ಕಾಡಾ ಎಂಬ ದೂರನಿಯಂತ್ರಣ ಕೂರಿಸಲಾಯಿತು. ಪ್ರಧಾನಿ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟಿಸಿದ ಈ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್.

ಗೇಟು ಯಾವಾಗ ಎಷ್ಟು ತೆರೆಯಿತು ಎಂಬುದು ಈಗ ಪರದೆಯ ಮೇಲೆ ಕಾಣುತ್ತದೆ. ಆದರೆ ರಾತ್ರಿ ಪಂಪ್‌ಸೆಟ್ ಇಳಿಸಿ ಕಾಲುವೆಯಿಂದ ನೀರೆತ್ತುವವನ ಎದುರು ಪರದೆ ಬಾಯಿ ತೆರೆಯುವುದಿಲ್ಲ. ಅವನನ್ನು ಕೇಳಬೇಕಾದವನು ಅವನ ಕೆಳಗಿನ ಹೊಲದವನು, ಮತ್ತು ಕೇಳುವ ಅಧಿಕಾರ ಅವನಿಗೆ ಸಂಘದ ನಿಯಮದಲ್ಲಿ ಇರಬೇಕು. ಆಸ್ಟ್ರಮ್ ಮತ್ತು ಅವರ ಸಂಗಡಿಗರು ನೇಪಾಳದ ನೀರಾವರಿಯನ್ನು ಹೋಲಿಸಿ ನೋಡಿದಾಗ ಕಂಡದ್ದೂ ಇದೇ. ರೈತರೇ ನಡೆಸುವ ಮಣ್ಣಿನ ಕಾಲುವೆಗಳು ಇಲಾಖೆ ನಡೆಸುವ ಕಾಂಕ್ರೀಟ್ ಕಾಲುವೆಗಳಿಗಿಂತ ಬಾಲಭಾಗಕ್ಕೆ ಹೆಚ್ಚು ನೀರು ಮುಟ್ಟಿಸುತ್ತಿದ್ದವು. ಅಲ್ಲಿ ಕಾವಲುಗಾರ ಉತ್ತರ ಕೊಡಬೇಕಾದದ್ದು ರೈತರಿಗೆ. ತಪ್ಪಿಗೆ ದಂಡ ಮೊದಲ ಸಲ ಚಿಕ್ಕದು, ಮತ್ತೆ ಮತ್ತೆ ತಪ್ಪಿದರೆ ದೊಡ್ಡದು. ಕಾಗದದ ಮೇಲಷ್ಟೇ ಇರುವ ಸಂಘಕ್ಕೆ ಈ ಎರಡೂ ಇರುವುದಿಲ್ಲ, ಲೆಟರ್‌ಹೆಡ್ ಮಾತ್ರ ಇರುತ್ತದೆ.

ವಾರದ ಸಭೆ

ಅಸಲು ಊರಲ್ಲೇ ಬೆಳೆಯುವುದನ್ನು ಕಣ್ಣಾರೆ ನೋಡಬೇಕೆಂದರೆ ಹೆಣ್ಣುಮಕ್ಕಳ ಸಂಘದ ವಾರದ ಸಭೆಗೆ ಹೋಗಬೇಕು. ಗುಡಿಯ ಕಟ್ಟೆ, ಅಂಗನವಾಡಿಯ ಜಗುಲಿ ಅಥವಾ ಯಾರದೋ ಮನೆಯ ಪಡಸಾಲೆ. ಹೊಲದಿಂದ ಬಂದು ಕೈಕಾಲು ತೊಳೆದ ಹತ್ತು ಹದಿನೈದು ಹೆಂಗಸರು ಸುತ್ತ ಕೂರುತ್ತಾರೆ. ಮೊದಲು ಹಾಜರಿ, ಆಮೇಲೆ ಹೋದ ವಾರದ ಠರಾವು ಓದುವುದು, ಆಮೇಲೆ ಉಳಿತಾಯ. ಸೆರಗಿನ ಗಂಟು ಬಿಚ್ಚಿ ಕೊಟ್ಟ ಹಣವನ್ನು ಎಲ್ಲರ ಎದುರೇ ಎಣಿಸಿ ಪಾಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ಸಾಲ ಬೇಕಾದವರು ಕಾರಣ ಹೇಳಬೇಕು: ಬೀಜ ಗೊಬ್ಬರ, ಆಡಿನ ಮರಿ, ಮಗಳ ಕಾಲೇಜಿನ ಫೀಸು, ಗಂಡನ ಆಸ್ಪತ್ರೆ. ಬಾಕಿ ಉಳಿಸಿಕೊಂಡವಳು ಇಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಪಕ್ಕದಲ್ಲೇ ಜಾಮೀನು ನಿಂತ ಓರಗಿತ್ತಿ ಕೂತಿರುತ್ತಾಳೆ. ಪುಸ್ತಕ ಬರೆಯುವುದು ಹೆಚ್ಚಾಗಿ ಊರಿನ ಎಸ್ಸೆಸ್ಸೆಲ್ಸಿ ಓದಿದ ಸೊಸೆ. 2011ರಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ಶೇ 41ರ ಆಸುಪಾಸಿನಲ್ಲಿದ್ದ ಜಿಲ್ಲೆಯಲ್ಲಿ ಅವಳ ಪೆನ್ನಿಗೆ ಬೆಲೆ ಇದೆ. ಓದಲು ಬಾರದ ಸದಸ್ಯೆಯರು ಅಂಕಿ ಬಾಯಲ್ಲೇ ನೆನಪಿಟ್ಟಿರುತ್ತಾರೆ. ಪುಸ್ತಕ ತಪ್ಪಿದರೆ ಅವರ ಬಾಯಿ ತಿದ್ದುತ್ತದೆ.

ಈ ಪದ್ಧತಿ ಹುಟ್ಟಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ 1980ರ ದಶಕದ ಮಧ್ಯದಲ್ಲಿ, ದೊಡ್ಡ ಸಹಕಾರ ಸಂಘಗಳು ಒಡೆದು ಉಳಿದ ಸಣ್ಣ ಗುಂಪುಗಳನ್ನು ಬೆಳೆಸಿತು. 1987ರಲ್ಲಿ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ಬ್ಯಾಂಕ್ ಜೋಡಣೆಯ ಪ್ರಯೋಗ ಶುರುವಾಯಿತು. 2000ದಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು, ಆಮೇಲೆ ಸಂಜೀವಿನಿ. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಕ್ಕೂಟಗಳಿವೆ, ಎಂಬಿಕೆ ಎಂದು ಕರೆಯುವ ಮುಖ್ಯ ಪುಸ್ತಕ ಬರಹಗಾರರಿದ್ದಾರೆ. ಒಕ್ಕೂಟದ ಬಳಿ ತೀರ ಕಷ್ಟದಲ್ಲಿರುವ ಮನೆಗಳಿಗೆಂದೇ ಒಂದು ನಿಧಿ ಇರುತ್ತದೆ. ಗಂಡ ಸತ್ತವಳಿಗೆ, ಹಾಸಿಗೆ ಹಿಡಿದವರಿಗೆ, ಗುಳೆ ಹೋಗಿ ಬರಿಗೈಲಿ ಬಂದವರಿಗೆ ಅದರಿಂದ ಕೈಗಡ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ತಿಳಿಯಲು ಈ ಹೆಂಗಸರಿಗೆ ಸಮೀಕ್ಷೆ ಬೇಕಾಗುವುದಿಲ್ಲ.

ಸಂಘಗಳಲ್ಲೂ ತೊಡಕಿದೆ. ಮೈಕ್ರೊಫೈನಾನ್ಸ್ ಕಂಪನಿಗಳು ಇದೇ ಗುಂಪು ಜಾಮೀನಿನ ಪದ್ಧತಿಯನ್ನು ಎತ್ತಿಕೊಂಡು ಮನೆಬಾಗಿಲಿಗೆ ಸಾಲ ತಂದವು, ವಸೂಲಿಯ ಕಿರುಕುಳ ತಾಳದೆ ಜನ ಊರು ಬಿಟ್ಟ ಸುದ್ದಿಗಳು ಬಂದವು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕಡಿವಾಣದ ಕಾನೂನು ತರಬೇಕಾಯಿತು. ಎರಡೂ ಕಡೆ ಹತ್ತು ಹೆಂಗಸರು ಸುತ್ತ ಕೂರುತ್ತಾರೆ. ಸಂಘದಲ್ಲಿ ಬಡ್ಡಿ ಸಂಘಕ್ಕೇ ಬರುತ್ತದೆ, ಕಂಪನಿಯ ಬಡ್ಡಿ ಊರಾಚೆ ಹೋಗುತ್ತದೆ.

ಕೆಲಸ ಕೇಳಿದ ರಸೀದಿ

ಸುಗ್ಗಿ ಮುಗಿದ ಮೇಲೆ ಲಂಬಾಣಿ ತಾಂಡಾಗಳಲ್ಲಿ ಮುದುಕರು, ಮಕ್ಕಳು, ಆಡುಕುರಿ ಉಳಿಯುತ್ತವೆ. ದುಡಿಯುವವರು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡಗಳಿಗೆ ಗುಳೆ ಹೋಗುತ್ತಾರೆ. ಉದ್ಯೋಗ ಖಾತ್ರಿ ಕಾಯ್ದೆ 2006ರ ಫೆಬ್ರುವರಿಯಲ್ಲಿ ಜಾರಿಗೆ ಬಂದಾಗ ಕರ್ನಾಟಕದ ಮೊದಲ ಐದು ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾ ಸೇರಿತ್ತು. ಕಾಯ್ದೆಯ ಜೀವ ಒಂದು ಚೀಟಿಯಲ್ಲಿತ್ತು: ನಮೂನೆ 6ರಲ್ಲಿ ಕೆಲಸ ಕೇಳಿದವರಿಗೆ ಕೊಡಬೇಕಾದ ದಿನಾಂಕ ಸಹಿತ ರಸೀದಿ. ರಸೀದಿ ಇದ್ದರೆ 15 ದಿನದಲ್ಲಿ ಕೆಲಸ, ಇಲ್ಲವಾದರೆ ನಿರುದ್ಯೋಗ ಭತ್ಯೆ. ಹಾಗಾಗಿಯೇ ರಸೀದಿ ಸಿಗುವುದು ಕಷ್ಟವಾಗಿತ್ತು. ರಾಯಚೂರು, ಯಾದಗಿರಿ ಸೀಮೆಯಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ಜನರ ಬಾಯಲ್ಲಿ ಗ್ರಾಕೂಸ್, ಗುಂಪಾಗಿ ಪಂಚಾಯಿತಿಗೆ ಹೋಗಿ ರಸೀದಿ ಕೈಗೆ ಬರುವ ತನಕ ಕೂರುವುದನ್ನು ಕಲಿಸಿತು. ಕಾಯಕಬಂಧುಗಳಾಗಿ ಹೆಣ್ಣುಮಕ್ಕಳೇ ಹಾಜರಿ ಹಿಡಿದರು. ಬದು, ಕೃಷಿಹೊಂಡ, ಹೂಳೆತ್ತಿದ ಕೆರೆ ಇವೆಲ್ಲ ಊರಿಗೆ ಉಳಿದವು.

2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಸಾವಿರಾರು ಜನ ಮರಳಿದಾಗ ಜಿಲ್ಲೆಯ ಶಾಲೆ, ಹಾಸ್ಟೆಲುಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದವು. ಬಂದವರಲ್ಲಿ ಬಹುಪಾಲು ತಾಂಡಾದವರು. ಕೋವಿಡ್ ಹೆದರಿಕೆ ಅವರನ್ನು ಊರಿಗೆ ಅಪರಿಚಿತರನ್ನಾಗಿ ಮಾಡಿತ್ತು. ಆಗ ಮನೆಮನೆ ಸುತ್ತಿದವರು ಆಶಾ, ಅಂಗನವಾಡಿ ಕಾರ್ಯಕರ್ತೆಯರು. ಮುಂಗಾರಿನ ಹೊತ್ತಿಗೆ ಅದೇ ಜನಕ್ಕೆ ಖಾತ್ರಿ ಕೆಲಸವೇ ಅನ್ನವಾಯಿತು. ಆ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿದೆ. ಹೊಸದರಲ್ಲಿ ರಸೀದಿಯ ಬಲ ಎಷ್ಟು ಉಳಿಯುತ್ತದೆ ಎಂಬುದನ್ನು ಈ ತಾಲ್ಲೂಕುಗಳ ಕೂಲಿಕಾರರೇ ಮೊದಲು ಹೇಳಬಲ್ಲರು.

ಮಗುವಿನ ತಟ್ಟೆಯ ಮೊಟ್ಟೆ

ಸುರಪುರ ತಾಲ್ಲೂಕಿನಲ್ಲಿ ರಾಜ್ಯ ಸರ್ಕಾರ, ಯುನಿಸೆಫ್ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ 2005ರ ಸುಮಾರಿಗೆ ಶಿಶುಸ್ನೇಹಿ ಶಾಲಾ ಕಾರ್ಯಕ್ರಮ ನಡೆಸಿದವು. ಟಾಟಾ ಟ್ರಸ್ಟ್‌ಗಳ ಸಹವರ್ತಿ ಸಂಸ್ಥೆಯಾದ ಕಲಿಕೆ ಜಿಲ್ಲೆಯಲ್ಲಿ ಶಿಕ್ಷಣ, ಪೌಷ್ಟಿಕತೆ, ಜೀವನೋಪಾಯದ ಕೆಲಸ ಮಾಡುತ್ತ ಬಂದಿದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2012ರಲ್ಲಿ ಯಾದಗಿರಿಯಲ್ಲಿ ಶಾಲೆಯನ್ನೇ ತೆರೆಯಿತು. ಇಷ್ಟಾದರೂ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

2021ರ ಡಿಸೆಂಬರ್‌ನಲ್ಲಿ ಯಾದಗಿರಿಯೂ ಸೇರಿ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂತು. ಕೆಲವು ಮಠಾಧೀಶರು ವಿರೋಧಿಸಿದರು, ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ನಮಗೆ ಮೊಟ್ಟೆ ಬೇಕು ಎಂದು ಕ್ಯಾಮೆರಾ ಮುಂದೆ ಗಟ್ಟಿಯಾಗಿ ಹೇಳಿದಳು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಸಿಗದ ಗದಗಿನ ಮಕ್ಕಳ ಜೊತೆ ತೂಗಿ ನೋಡಿದ ಅಧ್ಯಯನ, ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತೆಂದು ತೋರಿಸಿತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹರಡಿತು, 2024ರಲ್ಲಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಒದಗಿಸಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವಂತಾಯಿತು. ಸಮುದಾಯದ ಭಾವನೆ ಎಂದು ದೊಡ್ಡವರು ಮುಂದಿಟ್ಟ ಮಾತು ಒಂದು, ಅದೇ ಸಮುದಾಯದ ಹಸಿದ ಮಗು ಹೇಳಿದ ಮಾತು ಇನ್ನೊಂದು. ಆ ಸಲ ಮಗುವಿನ ಮಾತು ನಡೆಯಿತು.

ಎಲ್ಲ ಸಲ ಹಾಗಾಗುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹುಣಸಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ದಲಿತ ಬಾಲಕಿಯ ಮೇಲಿನ ದೌರ್ಜನ್ಯದ ವಿರುದ್ಧ ಪೊಲೀಸರಿಗೆ ದೂರು ಕೊಟ್ಟರೆಂದು ಕೇರಿಯವರಿಗೇ ಬಹಿಷ್ಕಾರ ಹಾಕಲಾಯಿತು. ಅಂಗಡಿಯಲ್ಲಿ ಸಾಮಾನು ಕೊಡಬಾರದೆಂಬ ಮಾತು ಹಬ್ಬಿತು. ಊರವರು ಒಂದಾಗಿ ತೀರ್ಮಾನ ಮಾಡಿದ್ದು ಇಲ್ಲೂ ನಿಜ. ಆಗ ಕೇರಿಯ ನೆರವಿಗೆ ಬರಬೇಕಾದದ್ದು ಕಾನೂನು, ಪೊಲೀಸು, ಜಿಲ್ಲಾಡಳಿತ. ಊರವರ ಕೈಗೆ ಅಧಿಕಾರ ಕೊಡಿ ಎಂದು ವಾದಿಸುವವರು ಈ ಹಳ್ಳಿಯನ್ನೂ ಎದುರಿಗಿಟ್ಟುಕೊಂಡೇ ವಾದಿಸಬೇಕು.

ಮುಂದಿನ ಲೆಕ್ಕ: ಕುಡಿಯುವ ನೀರು

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇತ್ತು. ಇದೇ ಸೀಮೆಯ ಮಂಗಳೂರು ಎಂಬ ಊರಿನ ಸುತ್ತಲಿನ ಹಳೆಯ ಚಿನ್ನದ ಗಣಿಯ ಕಲ್ಲಿನಿಂದ ಅದು ನೀರಿಗೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷೆಗೊಳಗಾದ ತಾಂಡಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳು ಕಂಡವು. ಅಂಗೈ ಅಂಗಾಲು ಗಂಟುಗಟ್ಟುವುದನ್ನು ತಾಂಡಾದವರು ಬಹಳ ಮೊದಲೇ ನೋಡಿದ್ದರು. ಅವರು ನೋಡಿದ್ದನ್ನು ಬರೆದುಕೊಳ್ಳುವ ಪುಸ್ತಕ ಸರ್ಕಾರದಲ್ಲಿ ಎಲ್ಲೂ ಇರಲಿಲ್ಲ. ತಾಂಡಾಗಳೇ ಎಷ್ಟೋ ಕಾಲ ದಾಖಲೆಯಲ್ಲಿ ಊರುಗಳಾಗಿರಲಿಲ್ಲ. ಅಂಥ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿಸಿ, ಯಾದಗಿರಿಯೂ ಸೇರಿದ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲು 2023ರ ಜನವರಿ 19 ಬರಬೇಕಾಯಿತು.

ಅದೇ ದಿನ ಕೊಡೇಕಲ್‌ನಲ್ಲಿ ಯಾದಗಿರಿ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಅಡಿಗಲ್ಲು ಬಿತ್ತು. 2,050 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚ, ದಿನಕ್ಕೆ 11.7 ಕೋಟಿ ಲೀಟರ್ ಶುದ್ಧೀಕರಣ, 700ಕ್ಕೂ ಹೆಚ್ಚು ಜನವಸತಿ, ಮೂರು ಪಟ್ಟಣ, ಸುಮಾರು 2.3 ಲಕ್ಷ ಮನೆ. ಒಂದೇ ತಿಂಗಳು ಕಳೆಯುವಷ್ಟರಲ್ಲಿ, ಫೆಬ್ರುವರಿಯಲ್ಲಿ, ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಇಬ್ಬರು ಮಹಿಳೆಯರು ತೀರಿಕೊಂಡರು, ಹಲವರು ಆಸ್ಪತ್ರೆ ಸೇರಿದರು.

ಜಲಜೀವನ ಮಿಷನ್ನಿನ ನಿಯಮದಲ್ಲಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇದೆ. ಊರಿನೊಳಗಿನ ಕಾಮಗಾರಿಗೆ ಜನರ ವಂತಿಗೆ ಇದೆ. ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಬೇಕೆಂದಿದೆ. ಆ ಐವರು ವಾರದ ಸಂಘದ ಸದಸ್ಯೆಯರೇ ಆಗಿದ್ದರೆ ಲೆಕ್ಕ ಇಡುವ ಅಭ್ಯಾಸ ಅವರಿಗೆ ಆಗಲೇ ಇದೆ. ಮಾಡಬೇಕಾದ ಕೆಲಸಗಳು ಇನ್ನೂ ಮೂರಿವೆ. ಊರಲ್ಲಿ ಬಳಸುವ ಪರೀಕ್ಷಾ ಕಿಟ್ಟಿನಲ್ಲಿ ಸಾಮಾನ್ಯವಾಗಿ ಆರ್ಸೆನಿಕ್ ಪರೀಕ್ಷೆ ಇರುವುದಿಲ್ಲ, ಮಂಗಳೂರು, ಕಿರದಳ್ಳಿ ಸುತ್ತಿನ ಊರುಗಳಿಗೆ ಅದನ್ನು ಬೇರೆಯಾಗಿ ಒದಗಿಸಬೇಕು. ಪರೀಕ್ಷೆಯ ಫಲಿತಾಂಶ ಪೋರ್ಟಲಿಗೆ ಹೋಗುವ ಮೊದಲು ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಿ ಠರಾವಿನಲ್ಲಿ ಬರೆಯಬೇಕು. ಕೇರಿ ಮತ್ತು ತಾಂಡಾದ ನಲ್ಲಿಯ ನೀರನ್ನು ಪೈಪಿನ ತಲೆಭಾಗದ ನೀರಿನ ಜೊತೆಗೇ, ಅದೇ ದಿನ ಪರೀಕ್ಷಿಸಬೇಕು, ಏಕೆಂದರೆ ಕಾಲುವೆಯ ಹಾಗೆ ಪೈಪಿಗೂ ಬಾಲವಿದೆ. ಇದಕ್ಕೆ ಕೋಟಿಗಳು ಬೇಕಿಲ್ಲ. ಪಂಚಾಯಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿಸಿದರೆ ಕೆಲಸ ಶುರುವಾಗುತ್ತದೆ. ಆ ಸಾಲನ್ನು ಸೇರಿಸುವಂತೆ ಅರ್ಜಿ ಕೊಡುವ ಹಕ್ಕು ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರಿಗೂ ಇದೆ.